ಒಂದು ಬೀದಿಯ ಇತಿಹಾಸ: ಕ್ಯೋಟೋ ನಗರದ ಮುರೋಮಾಚಿ

(ಅಧ್ಯಯನ ಮಂಡಲಿಯ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇತಿಹಾಸವೆಂದರೆ ರಾಜರ ಹೆಸರು, ಯುದ್ಧಗಳ ಇಸವಿ ಎಂದು ಶಾಲೆಯಲ್ಲಿ ಉರುಹೊಡೆದು ಬಂದವರು ನಾವು. ಈ ಸಂಜೆ ನಾನು ಯಾವ ರಾಜವಂಶದ ಕಥೆಯನ್ನೂ ಹೇಳಲು ನಿಂತಿಲ್ಲ. ಒಂದು ಬೀದಿಯ ಕಥೆ ಹೇಳುತ್ತೇನೆ. ಜಪಾನಿನ ಹಳೆಯ ರಾಜಧಾನಿ ಕ್ಯೋಟೋದಲ್ಲಿ ಉತ್ತರದಿಂದ ದಕ್ಷಿಣಕ್ಕೆ ನೇರವಾಗಿ ಹರಿದಿರುವ ಆ ಬೀದಿಯ ಹೆಸರು ಮುರೋಮಾಚಿ. ನೋಡಲು ಇಕ್ಕಟ್ಟಾದ ಬೀದಿ. ಆದರೆ ಜಪಾನಿನ ಇತಿಹಾಸದ ಒಂದು ಇಡೀ ಯುಗಕ್ಕೆ ಈ ಬೀದಿಯ ಹೆಸರೇ ನಿಂತಿದೆ. ಅರಮನೆ, ಗಿರವಿ ಅಂಗಡಿ, ಹಸಿವು, ದಂಗೆ, ತೇರು, ಶಾಲೆ ಎಲ್ಲವೂ ಈ ಬೀದಿಗೆ ಬಂದಿವೆ. ಜನಸಾಮಾನ್ಯರು ತಮ್ಮ ಆಡಳಿತವನ್ನು ತಾವೇ ನಡೆಸಲು ಕಲಿತದ್ದು ಹೇಗೆ, ಆ ವಿದ್ಯೆ ಎಲ್ಲಿ ಅರ್ಧಕ್ಕೆ ನಿಂತಿತು ಎಂಬ ಎರಡು ಪಾಠಗಳನ್ನೂ ಈ ಬೀದಿ ಕಲಿಸುತ್ತದೆ. ಆದಕಾರಣ ಇದನ್ನು ಆರಿಸಿಕೊಂಡೆ.

ಅರಸನ ಗೆರೆ, ಜನರ ಬೀದಿ

ಕ್ಯೋಟೋ ತಾನಾಗಿ ಬೆಳೆದ ಊರಲ್ಲ. 794ರಲ್ಲಿ ಕಾನ್ಮು ಚಕ್ರವರ್ತಿ ಚೀನದ ರಾಜಧಾನಿಯ ಮಾದರಿಯಲ್ಲಿ ಪಗಡೆಯ ಹಾಸಿನಂತೆ ಗೆರೆ ಎಳೆಸಿ ಕಟ್ಟಿಸಿದ ನಗರ ಅದು. ನಡುವಿನ ರಾಜಬೀದಿಯ ಅಗಲವೇ 80 ಮೀಟರಿಗೂ ಹೆಚ್ಚು. ಮುರೋಮಾಚಿ ಅದರ ಮುಂದೆ ಒಂದು ಸಣ್ಣ ಬೀದಿ; ಅಗಲ ಸುಮಾರು 12 ಮೀಟರು. ಬೀದಿಗಳು ಕೂಡುವಲ್ಲಿ ಉಂಟಾದ ಚೌಕಗಳಿಗೆ, ಒಂದೊಂದು ಬದಿಯೂ ಸುಮಾರು 120 ಮೀಟರು, ‘ಚೋ’ ಎಂದು ಹೆಸರು. ಚೌಕದ ಸುತ್ತ ಮಣ್ಣಿನ ಗೋಡೆ. ಬೀದಿಗೆ ಬೆನ್ನು ಹಾಕಿ ಒಳಗೆ ಶ್ರೀಮಂತರ ವಾಸ. ಬೀದಿಯೆಂದರೆ ಅರಸನ ಮೆರವಣಿಗೆ ಹೋಗುವ ಜಾಗ. ಬಡವನ ಬದುಕಿಗೆ ಅಲ್ಲಿ ಎಡೆ ಇರಲಿಲ್ಲ.

ಆದರೆ ಅರಸನು ಕಾಗದದ ಮೇಲೆ ಎಳೆದ ಗೆರೆ ಜನರ ಹೊಟ್ಟೆಪಾಡಿನ ಮುಂದೆ ಎಷ್ಟು ದಿನ ನಿಂತೀತು? ನಗರದ ಪಶ್ಚಿಮ ಭಾಗ ಜೌಗು ಹಿಡಿದು ಹತ್ತನೆಯ ಶತಮಾನದ ಹೊತ್ತಿಗೇ ಪಾಳು ಬಿತ್ತು. ಜನ ಪೂರ್ವ ಭಾಗದಲ್ಲಿ ನೆರೆದರು. ಕುಶಲಕರ್ಮಿಗಳು, ಸಣ್ಣ ವ್ಯಾಪಾರಿಗಳು ಗೋಡೆ ಒಡೆದು ಬೀದಿಗೆ ಮುಖಮಾಡಿ ಅಂಗಡಿ ತೆರೆದರು. ಹಿಂದೆ ಗೋಡೆಯೊಳಗಿನವರು ಒಂದು ಚೋ ಎನಿಸಿದ್ದರು. ಈಗ ಬೀದಿಯ ಈ ಮಗ್ಗುಲಿನವರೂ ಆ ಮಗ್ಗುಲಿನವರೂ ಸೇರಿ ಒಂದು ಚೋ ಆದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಒಂದು ಕೇರಿ. ಎದುರು ಮನೆಯವನು ಒಡನಾಡಿಯಾದ. ಬೆನ್ನ ಹಿಂದಿನವನು ದೂರದವನಾದ. ಇದು ಯಾವ ರಾಜಾಜ್ಞೆಯಿಂದಲೂ ಆದದ್ದಲ್ಲ. ದುಡಿಮೆ ಜನರನ್ನು ಹೇಗೆ ಒಟ್ಟಿಗೆ ನಿಲ್ಲಿಸುತ್ತದೆಯೋ ಹಾಗೆ ಊರಿನ ನಕ್ಷೆ ತಿರುಗುತ್ತದೆ. ಇದನ್ನು ಮೊದಲು ಗಮನಿಸಬೇಕು.

ಬೀದಿಗೆ ಅರಮನೆ ಬಂತು

1378ರಲ್ಲಿ ಮೂರನೆಯ ಆಶಿಕಾಗ ಶೋಗುನ್ ಯೋಶಿಮಿತ್ಸು ಈ ಬೀದಿಯ ಉತ್ತರದ ತುದಿಯಲ್ಲಿ ತನ್ನ ಅರಮನೆಯನ್ನು ಕಟ್ಟಿಸತೊಡಗಿದ. ಶೋಗುನ್ ಎಂದರೆ ಸೇನಾಧಿಪತಿ. ಹೆಸರಿಗೆ ಚಕ್ರವರ್ತಿ ಇದ್ದ, ಆಳ್ವಿಕೆ ಇವನದು. ಛತ್ರಪತಿಯ ಹೆಸರಿನಲ್ಲಿ ಪೇಶ್ವೆಗಳು ಆಳಿದರೆಂದು ಓದಿದ್ದೇವಲ್ಲ, ಹೆಚ್ಚುಕಡಿಮೆ ಆ ಬಗೆ. ಅರಮನೆಯ ತೋಟದಲ್ಲಿ ಹೂಗಿಡಗಳು ಎಷ್ಟಿದ್ದುವೆಂದರೆ ಜನ ಅದನ್ನು ಹೂವಿನ ಅರಮನೆ ಎಂದೇ ಕರೆದರು. 1573ರವರೆಗೆ ನಡೆದ ಆ ವಂಶದ ಆಡಳಿತಕ್ಕೆ ಮುರೋಮಾಚಿ ಸರ್ಕಾರ ಎಂಬ ಹೆಸರು ಬಂದದ್ದು ಈ ಬೀದಿಯಿಂದ.

ಹೂವಿನ ಅರಮನೆಗೆ ಹಣ ಎಲ್ಲಿಂದ ಬರಬೇಕು? ಸರ್ಕಾರಕ್ಕೆ ಸ್ವಂತ ಭೂಮಿ ಬಹಳ ಇರಲಿಲ್ಲ. ಕ್ಯೋಟೋದಲ್ಲಿ ಆಗ ಹಣ ಓಡಾಡುತ್ತಿದ್ದುದು ಎರಡು ಕಸುಬಿನವರ ಕೈಯಲ್ಲಿ: ಗಿರವಿ ಇಟ್ಟುಕೊಂಡು ಸಾಲ ಕೊಡುವವರು ಮತ್ತು ಅಕ್ಕಿಯಿಂದ ಮದ್ಯ ತಯಾರಿಸುವವರು. ಬಹಳ ಕಡೆ ಇಬ್ಬರೂ ಒಬ್ಬರೇ. ಮದ್ಯದ ಅಂಗಡಿಗಳೇ ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ಮುನ್ನೂರಕ್ಕೂ ಹೆಚ್ಚು ಇದ್ದುವು. 1393ರಲ್ಲಿ ಯೋಶಿಮಿತ್ಸು ಈ ಸಾಹುಕಾರರ ಮೇಲೆ ವರ್ಷಕ್ಕೆ 6000 ಕನ್ ತೆರಿಗೆ ಗೊತ್ತುಮಾಡಿದ. ಒಂದು ಕನ್ ಎಂದರೆ ಒಂದು ಸಾವಿರ ತಾಮ್ರದ ನಾಣ್ಯ. ಅಲ್ಲಿಂದ ಮುಂದೆ ಸರ್ಕಾರದ ಒಲೆ ಉರಿಯಬೇಕಾದರೆ ಸಾಹುಕಾರನ ಬಡ್ಡಿ ಬೆಳೆಯಬೇಕು ಎಂದಾಯಿತು. ಬಡ್ಡಿ ತೆರುವವನು ಯಾರು? ಸುತ್ತಲ ಹಳ್ಳಿಗಳ ಒಕ್ಕಲಿಗ.

ಸಾಲಪತ್ರ ಹರಿದವರು

1428ರಲ್ಲಿ ಆ ಒಕ್ಕಲಿಗ ಎದ್ದು ನಿಂತ. ಬೆಳೆ ಹೋಗಿತ್ತು, ರೋಗ ಹರಡಿತ್ತು. ಬೀವಾ ಸರೋವರದ ಕಡೆಯಿಂದ ರಾಜಧಾನಿಗೆ ಕುದುರೆಯ ಮೇಲೆ ಹೇರು ಸಾಗಿಸುತ್ತಿದ್ದ ಕೂಲಿಗಳು ಮೊದಲು ತಿರುಗಿಬಿದ್ದರು. ಹಳ್ಳಿಗಳು ಅವರ ಹಿಂದೆ ಎದ್ದುವು. ಗಿರವಿ ಅಂಗಡಿಗಳಿಗೂ ಬಡ್ಡಿಗೆ ಕೊಡುತ್ತಿದ್ದ ಮಠಗಳಿಗೂ ನುಗ್ಗಿ ಒತ್ತೆಯ ಸಾಮಾನನ್ನು ಹಿಂದಕ್ಕೆ ಪಡೆದರು, ಸಾಲಪತ್ರಗಳನ್ನು ಹರಿದೆಸೆದರು. ಸಾಲ ರದ್ದಾಗಬೇಕು ಎಂಬುದೇ ಕೂಗು. ಅದಕ್ಕೆ ಅವರ ಮಾತಿನಲ್ಲಿ ‘ತೊಕುಸೇ’ ಎನ್ನುತ್ತಾರೆ. ಧರ್ಮದ ಆಡಳಿತ ಎಂದು ಅರ್ಥ. ನಾರಾ ಪ್ರಾಂತದ ಯಾಗ್ಯೂ ಎಂಬಲ್ಲಿ ಬೋಧಿಸತ್ವನ ಮೂರ್ತಿ ಇರುವ ಒಂದು ಬಂಡೆಯಿದೆ. ಈ ವರ್ಷಕ್ಕೆ ಹಿಂದಿನ ಸಾಲ ನಮ್ಮ ನಾಲ್ಕು ಹಳ್ಳಿಗಳಲ್ಲಿ ಉಳಿದಿಲ್ಲ ಎಂಬ ಅರ್ಥದ ಬರಹವನ್ನು ರೈತರು ಅದರ ಮೇಲೆ ಕೊರೆದಿದ್ದಾರೆ. ಅರಸರು ಬರೆಸಿದ ಶಾಸನಗಳನ್ನು ಎಷ್ಟೋ ನೋಡಿದ್ದೇವೆ. ಸಾಲ ತೀರಿತೆಂದು ರೈತರೇ ಬರೆದ ಶಾಸನ ಅಪರೂಪ.

1441ರಲ್ಲಿ ಶೋಗುನ್ ಯೋಶಿನೋರಿ ಕೊಲೆಯಾದ. ಆ ಗೊಂದಲದ ನಡುವೆ ಹಳ್ಳಿಯ ಜನ ಸಾವಿರ ಸಾವಿರವಾಗಿ ಬಂದು ರಾಜಧಾನಿಯ ದಾರಿಗಳನ್ನೆಲ್ಲ ಕಟ್ಟಿದರು. ದೇವಾಲಯಗಳಲ್ಲಿ ಬೀಡುಬಿಟ್ಟರು. ಊರೊಳಕ್ಕೆ ಅಕ್ಕಿ ಬರುವುದು ನಿಂತಿತು. ಸಾಹುಕಾರರು ಮಂತ್ರಿಗೆ ಲಂಚ ಕೊಟ್ಟು ಸೈನ್ಯ ಕಳಿಸೆಂದರು. ಉಳಿದ ಸಾಮಂತರು ಒಪ್ಪಲಿಲ್ಲ. ಒಕ್ಕಲಿಗರ ಸಾಲವನ್ನಷ್ಟೇ ಬಿಡುತ್ತೇವೆಂದಿತು ಸರ್ಕಾರ. ನಮಗಷ್ಟೇ ಅಲ್ಲ, ಸಾಲದಲ್ಲಿ ಮುಳುಗಿರುವ ಎಲ್ಲರಿಗೂ ಬಿಡಿ ಎಂದು ರೈತರು ಪಟ್ಟುಹಿಡಿದರು. ಸರ್ಕಾರ ಮಣಿಯಿತು. ಹಾರೆ ಗುದ್ದಲಿ ಹಿಡಿಯುವ ಜನ ಅರಮನೆಯ ಬೀದಿಯನ್ನು ಬಗ್ಗಿಸಿದ ಘಟನೆ ಇದು.

ಆದರೆ ಆಳುವವರ ಬುದ್ಧಿವಂತಿಕೆಯನ್ನೂ ನೋಡಿ. 1454ರಲ್ಲಿ ಮತ್ತೆ ದಂಗೆಯಾದಾಗ ಸರ್ಕಾರ ಹೊಸ ಉಪಾಯ ಹೂಡಿತು. ಸಾಲಗಾರನು ಸಾಲದ ಹತ್ತನೆಯ ಒಂದು ಪಾಲನ್ನು ಸರ್ಕಾರಕ್ಕೆ ಕಟ್ಟಿದರೆ ಅವನ ಸಾಲ ರದ್ದು! ಮುಂದೆ ಸಾಹುಕಾರನು ಅದೇ ರೀತಿ ಹಣ ಕಟ್ಟಿದರೆ ಅವನ ಸಾಲಪತ್ರ ಭದ್ರ! ಜನ ರಕ್ತ ಸುರಿಸಿ ಗಳಿಸಿದ ಧರ್ಮದ ಆಡಳಿತವು ಬೊಕ್ಕಸದ ಮತ್ತೊಂದು ಬಾಬಾಗಿ ಹೋಯಿತು.

ಎಂಬತ್ತೆರಡು ಸಾವಿರ

1461ರ ಬರಗಾಲವನ್ನು ಹೇಳದೆ ಮುಂದೆ ಹೋಗಲಾರೆ. ಎರಡು ವರ್ಷ ಬೆಳೆ ಕೆಟ್ಟು, ಗಂಜಿ ಸಿಕ್ಕೀತೆಂದು ಹಳ್ಳಿಯ ಜನ ರಾಜಧಾನಿಗೆ ಬಂದು ಬೀದಿಗಳಲ್ಲಿ ಬಿದ್ದು ಸತ್ತರು. ಒಬ್ಬ ಸಂನ್ಯಾಸಿ 84,000 ಸಣ್ಣ ಮರದ ಪಟ್ಟಿಗಳನ್ನು ಮಾಡಿಕೊಂಡು ಒಂದೊಂದು ಹೆಣದ ಮೇಲೂ ಒಂದೊಂದನ್ನು ಇಡುತ್ತಾ ಹೋದ. ಎರಡು ತಿಂಗಳಲ್ಲಿ ಅವನ ಕೈಯಲ್ಲಿ ಉಳಿದದ್ದು 2,000. ಆ ಕಾಲದ ಒಬ್ಬ ಭಿಕ್ಷುವಿನ ದಿನಚರಿಯಲ್ಲಿ ಈ ಲೆಕ್ಕವಿದೆ. ಕಾಮೋ ನದಿಯಲ್ಲಿ ಹೆಣಗಳು ನೀರಿಗೆ ಅಡ್ಡಕಟ್ಟಿದ್ದುವೆಂದೂ ಅದೇ ದಿನಚರಿ ಹೇಳುತ್ತದೆ.

ಅದೇ ಕಾಲದಲ್ಲಿ ಮುರೋಮಾಚಿಯ ಉತ್ತರದ ತುದಿಯಲ್ಲಿ ಏನು ನಡೆದಿತ್ತು? ಎಂಟನೆಯ ಶೋಗುನ್ ಯೋಶಿಮಾಸ ಹೂವಿನ ಅರಮನೆಯನ್ನು ಹೊಸದಾಗಿ ಕಟ್ಟಿಸುತ್ತಿದ್ದ. ಚಕ್ರವರ್ತಿಯೇ ಬೇಸತ್ತು ಒಂದು ಪದ್ಯ ಬರೆದು ಕಳಿಸಿ ಅವನನ್ನು ಎಚ್ಚರಿಸಬೇಕಾಯಿತು. ಬೀದಿಯ ದಕ್ಷಿಣ ಭಾಗದ ಹತ್ತಿರ, ಪೂರ್ವಕ್ಕೆ ಒಂದು ಬೀದಿ ದಾಟಿದರೆ, ರೊಕ್ಕಾಕುದೋ ಎಂಬ ಗುಡಿಯಿದೆ. ಗಾನಾಮಿ ಎಂಬ ಸಾಧು ಅಲ್ಲಿ ಚಪ್ಪರ ಹಾಕಿಸಿ, ತಿರಿದು ತಂದ ಹಣದಿಂದ ದಿನವೂ ಸಾವಿರಾರು ಜನರಿಗೆ ಗಂಜಿ ಹೊಯ್ದ. ಒಂದೇ ಊರು, ಒಂದು ತುದಿಯಲ್ಲಿ ಹೂದೋಟ, ಇನ್ನೊಂದು ಕಡೆ ಗಂಜಿಯ ಸಾಲು. ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ.

ಎರಡು ಊರು, ನಡುವೆ ಒಂದೇ ಬೀದಿ

1467ರಲ್ಲಿ ಸಾಮಂತರ ಉತ್ತರಾಧಿಕಾರದ ಜಗಳ ಓನಿನ್ ಯುದ್ಧವಾಗಿ ಹೊತ್ತಿಕೊಂಡಿತು. 1477ರವರೆಗೆ, ಹನ್ನೊಂದು ವರ್ಷ, ರಾಜಧಾನಿಯ ಬೀದಿಗಳೇ ರಣರಂಗ. ಯಾರು ಗೆದ್ದರೆಂದು ಕೇಳಿದರೆ ಇತಿಹಾಸಕಾರರಿಗೂ ಹೇಳಲಾಗುವುದಿಲ್ಲ. ಸುಟ್ಟವರ ಮನೆ ಮಾತ್ರ ನಿಜ. 1476ರಲ್ಲಿ ಹೂವಿನ ಅರಮನೆಯೂ ಬೂದಿಯಾಯಿತು. ಯುದ್ಧ ಮುಗಿದ ಮೇಲೆ ಯೋಶಿಮಾಸನ ಹೆಂಡತಿ ಹಿನೋ ತೊಮಿಕೋ ಊರಿನ ಬಾಗಿಲುಗಳಲ್ಲಿ ಸುಂಕದ ಕಟ್ಟೆಗಳನ್ನು ಇಡಿಸಿದಳು. ಅರಮನೆಯ ದುರಸ್ತಿಗೆಂದು ಹೇಳಿಕೆ; ಹಣ ಹೋದದ್ದು ಅವಳ ಪೆಟ್ಟಿಗೆಗೆ ಎಂದು ಜನರ ಮಾತು. 1480ರಲ್ಲಿ ಜನ ಆ ಕಟ್ಟೆಗಳನ್ನು ಕಿತ್ತೆಸೆದರು.

ಬೂದಿಯ ಮೇಲೆ ಎದ್ದ ಕ್ಯೋಟೋ ಒಂದು ಊರಾಗಿ ಏಳಲಿಲ್ಲ. ಉತ್ತರಕ್ಕೆ ಕಾಮಿಗ್ಯೋ, ಎಂದರೆ ಮೇಲೂರು. ದಕ್ಷಿಣಕ್ಕೆ ಶಿಮೋಗ್ಯೋ, ಕೆಳಊರು. ಎರಡರ ಸುತ್ತಲೂ ಕಂದಕ, ಮಣ್ಣಿನ ಗೋಡೆ. ನಡುವೆ ಗದ್ದೆ ಹೊಲ. ಎರಡನ್ನೂ ಕೂಡಿಸಿದ್ದು ಮುರೋಮಾಚಿ ಬೀದಿಯೊಂದೇ. ಒಂದು ದೊಡ್ಡ ನಗರದ ಜೀವ ಒಂದು ಬೀದಿಯ ನೂಲಿನಲ್ಲಿ ತೂಗುತ್ತಿತ್ತು.

ಕಾಯುವ ಸರ್ಕಾರವಿಲ್ಲದೆ ಹೋದಾಗ ಜನ ತಮ್ಮನ್ನು ತಾವೇ ಕಾಯಬೇಕಾಯಿತು. ಬೀದಿಯ ಪ್ರತಿ ಕೇರಿಯೂ ಎರಡು ತುದಿಗೆ ಮರದ ಬಾಗಿಲು ಹಾಕಿತು. ರಾತ್ರಿ ಮುಚ್ಚಿ ಸರದಿಯ ಮೇಲೆ ಕಾವಲು ಕೂತಿತು. ಕೇರಿಯ ಕೆಲಸಕ್ಕೆ ತಿಂಗಳಿಗೊಬ್ಬ ಸರದಿಯ ಪ್ರತಿನಿಧಿ. ಕೆಲವು ಕೇರಿಗಳು ಸೇರಿ ಒಂದು ಒಕ್ಕೂಟ; ಒಕ್ಕೂಟಗಳು ಸೇರಿ ಊರು. ರೊಕ್ಕಾಕುದೋ ಗುಡಿಯ ಗಂಟೆ ಬಾರಿಸಿದರೆ ಕೆಳಊರೆಲ್ಲ ನೆರೆಯುತ್ತಿತ್ತು. ಅರಸನ ಗುರುತಿನ ಮುದ್ರೆಯಿಲ್ಲದೆ, ಶಾಸ್ತ್ರಿಗಳ ಗ್ರಂಥವಿಲ್ಲದೆ, ನೇಕಾರರೂ ಎಣ್ಣೆ ವ್ಯಾಪಾರಿಗಳೂ ಬಡಗಿಗಳೂ ಕಟ್ಟಿದ ಪಂಚಾಯತಿ ಇದು.

ಈ ಜನರಿಗೆ ಎಷ್ಟು ಧೈರ್ಯ ಬಂದಿತ್ತೆಂಬುದಕ್ಕೆ ಒಂದು ಪ್ರಸಂಗ. ಕೆಳಊರಿನ ಕೇರಿಗಳು ಗಿಯೋನ್ ಉತ್ಸವಕ್ಕೆ ಒಂದೊಂದು ತೇರು ಕಟ್ಟುತ್ತಿದ್ದುವು. ಯುದ್ಧದಿಂದ ನಿಂತಿದ್ದ ಉತ್ಸವವನ್ನು 1500ರಲ್ಲಿ ಜನರೇ ಮತ್ತೆ ಎಬ್ಬಿಸಿದ್ದರು. 1533ರಲ್ಲಿ ಉತ್ಸವ ನಿಲ್ಲಿಸಬೇಕೆಂದು ಮೇಲಿನಿಂದ ಅಪ್ಪಣೆಯಾಯಿತು. ಅರುವತ್ತಾರು ಕೇರಿಗಳ ಪ್ರತಿನಿಧಿಗಳು ಗುಡಿಗೆ ಹೋಗಿ, ದೇವರ ಪೂಜೆ ನಡೆಯದಿದ್ದರೆ ಬೇಡ, ನಮ್ಮ ತೇರುಗಳು ಮಾತ್ರ ಬೀದಿಯಲ್ಲಿ ಸಾಗಬೇಕು ಎಂದು ಕೇಳಿಕೊಂಡರು. ತೇರು ಪೂಜಾರಿಯದಲ್ಲ, ಅಧಿಕಾರಿಯದಲ್ಲ, ಕೇರಿಯದು ಎಂಬ ಭಾವನೆ ಈ ಮಾತಿನಲ್ಲಿದೆ. ಇಂದಿಗೂ ಜುಲೈ ತಿಂಗಳಲ್ಲಿ ಮುರೋಮಾಚಿಯ ಕೇರಿಗಳು ತಮ್ಮ ತೇರುಗಳನ್ನು ಹೊರಡಿಸುತ್ತವೆ. ಆ ತೇರುಗಳಿಗೆ ಹೊದಿಸುವ ಬಟ್ಟೆಗಳಲ್ಲಿ ಯುರೋಪಿನ ಚಿತ್ರಪಟಗಳೂ ಇವೆ, ಭಾರತದ ದಖ್ಖನಿನಲ್ಲಿ ನೇಯ್ದವೆಂದು ವಿದ್ವಾಂಸರು ಗುರುತಿಸಿರುವ ಜಮಖಾನೆಗಳೂ ಇವೆ. ಹೆಸರಿಲ್ಲದ ನಮ್ಮ ಕಡೆಯ ನೇಕಾರನ ಕೈಗೆಲಸ ಕ್ಯೋಟೋದ ಬೀದಿಯಲ್ಲಿ ಮೆರವಣಿಗೆ ಹೋಗುತ್ತಿರುವುದು ನಮಗೆ ಸಂತೋಷದ ಸಂಗತಿ.

ಬಾಗಿಲ ಹೊರಗೆ ಉಳಿದವರು

ಇಲ್ಲಿಯವರೆಗೆ ಹೊಗಳಿದೆ. ಇನ್ನು ಕಹಿಯಾದ ಮಾತನ್ನೂ ಆಡಬೇಕು.

ಕೇರಿಯ ಸಭೆಯಲ್ಲಿ ಮಾತಾಡುವ ಹಕ್ಕು ಸ್ವಂತ ಮನೆಯುಳ್ಳವನಿಗೆ ಮಾತ್ರ. ಬಾಡಿಗೆದಾರ, ಕೂಲಿ, ಅಂಗಡಿಯ ಆಳು, ಇವರು ಬಾಗಿಲ ಒಳಗಿದ್ದರೂ ಲೆಕ್ಕದ ಹೊರಗೆ. ಕೇರಿಗಳ ಕಟ್ಟಳೆಗಳಲ್ಲಿ ಯೋಧರಿಗೆ ಮನೆ ಮಾರಕೂಡದೆಂಬ ನಿಯಮವಿತ್ತು. ಅದು ಸರಿ ಎನ್ನೋಣ. ಆದರೆ ಕೀಳೆಂದು ಎಣಿಸಿದ ಕಸುಬಿನವರಿಗೂ ಮಾರಕೂಡದೆಂದಿತ್ತು. ಕಾಮೋ ನದಿಯ ಮರಳ ದಂಡೆಯಲ್ಲಿ ‘ಕವಾರಮೋನೋ’ ಎಂಬ ಜನ ಇದ್ದರು. ಹೊಳೆದಂಡೆಯವರು ಎಂದು ಅರ್ಥ. ಚರ್ಮದ ಕೆಲಸ, ಸತ್ತ ದನದ ಕೆಲಸ ಅವರದು, ಆದ್ದರಿಂದ ಅಸ್ಪೃಶ್ಯರು. ಕ್ಯೋಟೋದ ಹೆಸರುವಾಸಿ ತೋಟಗಳಲ್ಲಿ ಕಲ್ಲು ಹೊತ್ತು, ನೀರು ಹರಿಸಿ ಹಲವನ್ನು ನಿರ್ಮಿಸಿದ ಕೈಗಳು ಇವರವೇ. ಜೆನಾಮಿ ಎಂಬವನು ಯೋಶಿಮಾಸನಿಗೇ ಮೆಚ್ಚಿನ ತೋಟಗಾರ. ಅವನ ಮೊಮ್ಮಗನೆಂದು ಹೇಳುವ ಮತಾಶಿರೋ ಎಂಬವನು, ಚರ್ಮದವರ ಮನೆಯಲ್ಲಿ ಹುಟ್ಟಿದ್ದು ತನಗೆ ದುಃಖ, ಆದುದರಿಂದ ತಾನು ಜೀವ ತೆಗೆಯುವುದಿಲ್ಲವೆಂದು ವ್ರತ ಹಿಡಿದಿದ್ದೇನೆ ಎಂದು ಒಬ್ಬ ಭಿಕ್ಷುವಿನ ಮುಂದೆ ತೋಡಿಕೊಂಡದ್ದು 1489ರ ದಿನಚರಿಯಲ್ಲಿ ದಾಖಲಾಗಿದೆ. ತೋಟದ ಒಳಗೆ ಅವನ ಕಲೆ ಬೇಕು. ಕೇರಿಯ ಒಳಗೆ ಅವನು ಬೇಡ. ಈ ನ್ಯಾಯ ನಮಗೆ ಅಪರಿಚಿತವೇನೂ ಅಲ್ಲ.

ಎರಡನೆಯ ತಪ್ಪು ಹಳ್ಳಿಯವರ ವಿಷಯದಲ್ಲಿ ಆಯಿತು. ಸಾಲ ರದ್ದು ಮಾಡಿಸಲು ಬಂದ ರೈತನ ಮುಖಕ್ಕೆ ಕೇರಿಯ ಬಾಗಿಲು ಮುಚ್ಚಿತು. ಏಕೆಂದರೆ ಸಾಲ ಕೊಟ್ಟವರೂ ಕೇರಿಯ ಹಿರಿಯರೇ. ಅಷ್ಟೇ ಆಗಿದ್ದರೆ ಒಂದು ಮಾತು. ಆ ಕಾಲಕ್ಕೆ ಊರಿನ ವ್ಯಾಪಾರಿಗಳೂ ಕುಶಲಕರ್ಮಿಗಳೂ ಬಹುಮಟ್ಟಿಗೆ ನಿಚಿರೆನ್ ಪಂಥದವರು. ರೈತರಲ್ಲಿ ಹರಡಿದ್ದುದು ಹೊಂಗಾಂಜಿ ಮಠದ ಪಂಥ. 1532ರಲ್ಲಿ ಊರವರು ಆಯುಧ ಹಿಡಿದು ಹೊಸೋಕಾವಾ, ರೊಕ್ಕಾಕು ಮನೆತನದ ಸಾಮಂತರ ಜತೆ ಸೇರಿ, ಪೂರ್ವದ ಬೆಟ್ಟದಾಚೆ ಯಮಾಶಿನದಲ್ಲಿದ್ದ ಹೊಂಗಾಂಜಿ ಮಠವನ್ನು ಸುಟ್ಟರು. ಮುಂದಿನ ನಾಲ್ಕು ವರ್ಷ ಊರು ಅವರ ಕೈಯಲ್ಲಿತ್ತು. ಭೂಮಾಲಿಕರಿಗೆ ನೆಲಬಾಡಿಗೆ ಕೊಡುವುದನ್ನೂ ನಿಲ್ಲಿಸಿದರು. ಆದರೆ 1536ರಲ್ಲಿ ಹಿಯೇ ಪರ್ವತದ ಮಠದ ಸೈನ್ಯ ಊರಿನ ಮೇಲೆ ಇಳಿದುಬಂದಾಗ, ಅದರ ಜತೆ ಬಂದವನು ಯಾರು? ಅದೇ ರೊಕ್ಕಾಕು! ನಿಚಿರೆನ್ ಪಂಥದ ಇಪ್ಪತ್ತೊಂದು ಮಠಗಳೂ ಸುಟ್ಟುಹೋದುವು. ಕೆಳಊರು ಪೂರ್ತಿ, ಮೇಲೂರಿನ ದೊಡ್ಡ ಭಾಗ ಭಸ್ಮವಾಯಿತು. ಸಾಮಂತನ ಕತ್ತಿಯನ್ನು ನೆರೆಯ ರೈತನ ಮೇಲೆ ಬೀಸಿದವರಿಗೆ ಅದೇ ಕತ್ತಿ ನಾಲ್ಕು ವರ್ಷದಲ್ಲಿ ತಿರುಗಿತು. ಊರಿನ ಬಡವನೂ ಹಳ್ಳಿಯ ಬಡವನೂ ಮತದ ಹೆಸರಿನಲ್ಲಿ ಹೊಡೆದಾಡಿದರೆ ಗೆಲ್ಲುವವನು ಮೂರನೆಯವನು.

ಕೇರಿ ಸರ್ಕಾರದ ಕೈಗೆ

1573ರಲ್ಲಿ ಓಡಾ ನೊಬುನಾಗ ಕೊನೆಯ ಆಶಿಕಾಗ ಶೋಗುನ್‌ನನ್ನು ಬಗ್ಗಿಸಲು ಮೇಲೂರಿಗೆ ಬೆಂಕಿ ಇಟ್ಟ. ಕೆಳಊರು ಬೆಳ್ಳಿ ಒಪ್ಪಿಸಿ ಉಳಿದುಕೊಂಡಿತು. ಅವನ ಬಳಿಕ ಬಂದ ತೊಯೊತೊಮಿ ಹಿದೆಯೋಶಿ 1591ರಲ್ಲಿ ಊರಿನ ಸುತ್ತ ಸುಮಾರು 22 ಕಿಲೋಮೀಟರು ಉದ್ದದ ಮಣ್ಣಿನ ಕೋಟೆ ಹಾಕಿಸಿದ. ಅದೇ ವರ್ಷ ಊರಿನ ನೆಲಬಾಡಿಗೆಯನ್ನು ಶಾಶ್ವತವಾಗಿ ಬಿಟ್ಟುಕೊಟ್ಟ. ಜನ ಹೋರಾಡಿ ಪಡೆಯಲಾಗದ್ದನ್ನು ಪ್ರಭು ಔದಾರ್ಯದಿಂದ ಕೊಟ್ಟ! ಆದರೆ ಅದಕ್ಕೆ ಮೂರು ವರ್ಷ ಮೊದಲೇ, 1588ರಲ್ಲಿ, ನಾಡಿನ ರೈತರ ಆಯುಧಗಳನ್ನೆಲ್ಲ ಕಸಿದುಕೊಳ್ಳುವ ಆಜ್ಞೆ ಹೊರಟಿತ್ತೆಂಬುದನ್ನು ಜೊತೆಗೇ ಓದಬೇಕು. ಕೇರಿಯ ಬಾಗಿಲು, ಕಾವಲು, ಸರದಿಯ ಪ್ರತಿನಿಧಿ ಎಲ್ಲವೂ ಉಳಿದುವು. ಆದರೆ ಈಗ ಅವು ನಿವಾಸಿಗಳ ಮೇಲೆ ಕಣ್ಣಿಡುವ ಸರ್ಕಾರದ ಸಾಧನಗಳಾದುವು. ಸಂಸ್ಥೆಯ ಹೆಸರು ಉಳಿದು ಜೀವ ಹೋಗುವುದೆಂದರೆ ಇದು.

ಮುಂದಿನ ಇನ್ನೂರೈವತ್ತು ವರ್ಷ ಮುರೋಮಾಚಿ ಬಟ್ಟೆಯ ಸಗಟು ವ್ಯಾಪಾರದ ಬೀದಿ. 1673ರಲ್ಲಿ ಎಡೋ ನಗರದಲ್ಲಿ ಅಂಗಡಿ ತೆರೆದ ಮಿತ್ಸುಯಿ ಮನೆತನ ಮಾಲು ಕೊಳ್ಳುವ ತನ್ನ ಅಂಗಡಿಯನ್ನು ಇಟ್ಟದ್ದು ಇದೇ ಬೀದಿಯಲ್ಲಿ. ಮುಂದೆ ಜಗತ್ತಿನ ದೊಡ್ಡ ಬಂಡವಾಳಗಾರರಲ್ಲಿ ಒಂದಾದ ಮಿತ್ಸುಯಿ ಇವರೇ. ರೇಷ್ಮೆ ನೇಯುತ್ತಿದ್ದವರು ಸ್ವಲ್ಪ ವಾಯವ್ಯಕ್ಕೆ, ನಿಶಿಜಿನ್ ಕೇರಿಗಳಲ್ಲಿ. ಮಗ್ಗ ಅಲ್ಲಿ, ಲಾಭ ಇಲ್ಲಿ.

ಆದರೂ ಜನ ತಮ್ಮ ಒಗ್ಗಟ್ಟನ್ನು ಪೂರ್ತಿ ಮರೆಯಲಿಲ್ಲ. 1787ರಲ್ಲಿ ಅಕ್ಕಿಯ ಬೆಲೆ ಗಗನಕ್ಕೇರಿದಾಗ ಎಡೋ, ಓಸಾಕಾಗಳಲ್ಲಿ ಅಕ್ಕಿ ಅಂಗಡಿಗಳನ್ನು ಜನ ಒಡೆದರು. ಕ್ಯೋಟೋದ ಜನ ಬೇರೆ ದಾರಿ ಹಿಡಿದರು. ಮುರೋಮಾಚಿಯ ಪಕ್ಕಕ್ಕೇ ಇರುವ ಚಕ್ರವರ್ತಿಯ ಅರಮನೆಯನ್ನು ದೇವಸ್ಥಾನದಂತೆ ಸುತ್ತತೊಡಗಿದರು. ಒಬ್ಬಿಬ್ಬರಲ್ಲ, ದಿನಕ್ಕೆ ಹತ್ತಾರು ಸಾವಿರ ಜನ. ಕೈಯಲ್ಲಿ ಕಲ್ಲಿಲ್ಲ, ಬಾಯಲ್ಲಿ ಬೈಗುಳವಿಲ್ಲ, ಪ್ರದಕ್ಷಿಣೆ ಅಷ್ಟೇ. ಆಳ್ವಿಕೆಯಲ್ಲಿ ತಲೆಹಾಕುವ ಹಕ್ಕೇ ಇಲ್ಲದ ಅರಮನೆ ಕೊನೆಗೆ ಶೋಗುನ್ ಸರ್ಕಾರಕ್ಕೆ ಹೇಳಿ ಕಳಿಸಬೇಕಾಯಿತು, ಅಕ್ಕಿ ಹೊರಬಂತು.

ಒಲೆಯ ಹಣ

1864ರ ಕಾಳಗದ ಬೆಂಕಿಯಲ್ಲಿ ಊರಿನ ಸುಮಾರು 27,000 ಮನೆ ಸುಟ್ಟವು. 1869ರಲ್ಲಿ ಚಕ್ರವರ್ತಿ ಟೋಕಿಯೋಗೆ ಹೊರಟುಹೋದ. ಮನೆ ಸುಟ್ಟ, ರಾಜಧಾನಿಯ ಪಟ್ಟ ಹೋದ ಆ ಊರಿನ ಜನ ಅದೇ 1869ರಲ್ಲಿ ಕೇರಿಗಳ ಒಕ್ಕೂಟಕ್ಕೊಂದರಂತೆ 64 ಪ್ರಾಥಮಿಕ ಶಾಲೆಗಳನ್ನು ತೆರೆದರು. ಜಪಾನಿನ ಸರ್ಕಾರ ದೇಶಕ್ಕೆಲ್ಲ ಶಿಕ್ಷಣದ ಕಾನೂನು ತಂದದ್ದು 1872ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು. ಇದಕ್ಕೆ ಎತ್ತಿದ ವಂತಿಗೆಯ ಹೆಸರು ಒಲೆಯ ಹಣ. ಒಲೆ ಉರಿಯುವ ಪ್ರತಿ ಮನೆಯೂ ಕೊಡಬೇಕು, ಮಕ್ಕಳಿರಲಿ, ಇಲ್ಲದಿರಲಿ. ಸಭೆಯಲ್ಲಿ ಮಾತಾಡುವ ಹಕ್ಕಿಗೆ ಹಿಂದೆ ಮನೆಯ ಒಡೆತನ ಅಳತೆಗೋಲಾಗಿತ್ತು. ಈಗ ಒಲೆ ಅಳತೆಗೋಲಾಯಿತು. ಒಲೆ ಬಾಡಿಗೆಯವನ ಮನೆಯಲ್ಲೂ ಉರಿಯುತ್ತದೆ.

ಆ ಶಾಲೆಗಳಲ್ಲಿ ಮೇರಿನ್ ಎಂಬುದು ಮುರೋಮಾಚಿ ಬೀದಿಯ ಮೇಲೆಯೇ ಇದೆ. ಅದರ ಈಗಿನ ಕಟ್ಟಡ 1931ರದು. ಸುತ್ತಲಿನ ಕೇರಿಗಳು ಹಣ ಹಾಕಿ ಕಟ್ಟಿಸಿದ್ದು. ಊರ ನಡುವೆ ಮಕ್ಕಳು ಕಡಮೆಯಾದುದರಿಂದ 1993ರಲ್ಲಿ ಶಾಲೆ ಮುಚ್ಚಿತು. 2000ದಿಂದ ಅದೇ ಕಟ್ಟಡ ಊರಿನ ಕಲಾಕೇಂದ್ರವಾಗಿದೆ. ಅಲ್ಲಿಂದ ಸ್ವಲ್ಪ ದಕ್ಷಿಣಕ್ಕಿರುವ ಕೇರಿಯ ಕಿಕುಸುಯಿ ತೇರು 1864ರ ಬೆಂಕಿಯಲ್ಲಿ ಹೋಗಿತ್ತು. ಸುಮಾರು ತೊಂಬತ್ತು ವರ್ಷದ ಮೇಲೆ, 1952ರಲ್ಲಿ, ಕೇರಿಯವರು ಮತ್ತೆ ಕಟ್ಟಿ ನಿಲ್ಲಿಸಿದರು. ಹೂವಿನ ಅರಮನೆಯ ಜಾಗದಲ್ಲಿ ಈಗ ಉಳಿದಿರುವುದು ಒಂದು ಗುರುತಿನ ಕಲ್ಲು.

ಸಂಗಾತಿಗಳೇ, ಅರಮನೆ ಹೋಗಿ ಶಾಲೆ ಉಳಿಯಿತು, ಜನವೇ ಗೆದ್ದರು ಎಂದು ಚಪ್ಪಾಳೆ ತಟ್ಟಿಸಿ ಮುಗಿಸಬಹುದಾಗಿತ್ತು. ಹಾಗೆ ಮಾಡುವುದಿಲ್ಲ. ಈ ಬೀದಿಯ ಜನ ತಮ್ಮೊಳಗೆ ಒಂದಾದಾಗ ಅರಸನ ಅಪ್ಪಣೆಯನ್ನೂ ಎದುರಿಸಿದರು. ತಮ್ಮ ಹೊರಗಿನವರನ್ನು, ಎಂದರೆ ರೈತನನ್ನು, ಬಾಡಿಗೆದಾರನನ್ನು, ಹೊಳೆದಂಡೆಯವನನ್ನು ಬಾಗಿಲ ಆಚೆ ನಿಲ್ಲಿಸಿದಾಗ ಬೂದಿಯಾದರು. ಆಮೇಲೆ ಸರ್ಕಾರದ ಕಾವಲುಗಾರರಾದರು. ಬಾಗಿಲು ಕಳ್ಳನನ್ನು ತಡೆಯಲು ಬೇಕು, ನಿಜ. ಆದರೆ ಅದೇ ಬಾಗಿಲು ಜತೆಗಾರನನ್ನೂ ತಡೆಯುತ್ತದೆ.

ನಾವೂ ಸಂಘ ಕಟ್ಟುತ್ತೇವೆ, ಸಭೆ ಸೇರುತ್ತೇವೆ, ಠರಾವು ಮಾಡುತ್ತೇವೆ. ಸಭೆ ಮುಗಿಸಿ ಹೊರಡುವ ಮುಂಚೆ ಪ್ರತಿಸಲವೂ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಇಲ್ಲಿ ಬಂದು ಕೂರಬೇಕಾಗಿದ್ದವರಲ್ಲಿ ಯಾರು ಇನ್ನೂ ಬಾಗಿಲ ಹೊರಗೆ ನಿಂತಿದ್ದಾರೆ? ಆರು ನೂರು ವರ್ಷದ ಹಿಂದಿನ ಒಂದು ಬೀದಿ ನಮ್ಮನ್ನು ಕೇಳುತ್ತಿರುವುದು ಇಷ್ಟೇ.